ಕರೆಸಿಕೊಂಡ ಭೂಕಂಪ

ನೆಲದಡಿ ಆರು ಕಿಲೋಮೀಟರ್ ಆಳಕ್ಕೆ ನೀರು ಇಳಿಯುತ್ತಿತ್ತು. ಮೇಲೆ, ತೊಗರಿಹಾಳದ ಹೊರಗಿನ ಕರಿಮಣ್ಣಿನ ಹೊಲದಲ್ಲಿ ನಿಂತಿದ್ದ ಬಿಳಿ ವ್ಯಾನಿನೊಳಗೆ ಕುಳಿತ ಡಾ. ತನ್ಮಯಿಗೆ ಆ ನೀರು ಕಾಣುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಪರದೆಯ ಮೇಲೆ ಒಂದು ಹಸಿರು ಗೆರೆ ನಿಧಾನವಾಗಿ ಮೇಲೇರುತ್ತಿತ್ತು, ಅಷ್ಟೆ. ಆ ಗೆರೆ ಕೆಂಪು ಪಟ್ಟಿಯನ್ನು ಮುಟ್ಟಿದಾಗ ಅವಳು ಒಂದು ಗುಂಡಿ ಒತ್ತಬೇಕಿತ್ತು. ಒತ್ತಿದರೆ ಭೂಕಂಪ ಬರುತ್ತದೆ. ಅದು ಭೂಕಂಪವನ್ನು ತಡೆಯುವ ಗುಂಡಿಯಲ್ಲ, ಬರಿಸುವ ಗುಂಡಿ.

ಗೆರೆ ಕೆಂಪು ಮುಟ್ಟಿತು. ತನ್ಮಯಿ ಅಂಗೈಯ ಬೆವರನ್ನು ದುಪಟ್ಟಾಕ್ಕೆ ಒರೆಸಿಕೊಂಡು ಕಿಟಕಿಯಾಚೆ ಒಮ್ಮೆ ನೋಡಿದಳು. ಗಾಯರಾಣದಲ್ಲಿ, ಎಂದರೆ ಊರ ದನಗಳು ಮೇಯುವ ಬಯಲಿನಲ್ಲಿ, ಇಡೀ ತೊಗರಿಹಾಳ ಬಿಡಾರ ಹೂಡಿತ್ತು. ಮುದುಕರು, ಮಕ್ಕಳು, ಬಾಣಂತಿಯರು, ಎಮ್ಮೆ, ಆಡು, ಕೋಳಿ, ಗುಡಿಯಿಂದ ಹೊತ್ತು ತಂದ ಹನುಮಪ್ಪ, ದರ್ಗಾದ ಹಸಿರು ಚಾದರ, ಎಲ್ಲವೂ ಅಲ್ಲಿದ್ದವು. ಊರೊಳಗೆ ಒಂದು ಜೀವವೂ ಉಳಿದಿಲ್ಲವೆಂದು ಮೇಲೆ ಹಾರುತ್ತಿದ್ದ ಡ್ರೋನುಗಳು ವರದಿ ಕೊಟ್ಟವು. ಅವಳು ಗುಂಡಿ ಒತ್ತಿದಳು.

ಏನೂ ಆಗಲಿಲ್ಲ. ಆಗುವುದಕ್ಕೆ ತುಸು ಹೊತ್ತು ಬೇಕೆಂದು ಅವಳಿಗೆ ಗೊತ್ತಿತ್ತು. ಆದರೂ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಈ ಯಂತ್ರದ ಸರ್ಕಾರಿ ಹೆಸರು ನಿಯಂತ್ರಿತ ಒತ್ತಡ ವಿಮೋಚನಾ ವ್ಯವಸ್ಥೆ. ಅಷ್ಟುದ್ದದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಭೂಕಂಪವೇ ಬಂದು ಹೋದೀತೆಂದು ಊರಿನವರು ಅದನ್ನು ಸೂಲಗಿತ್ತಿ ಎಂದು ಕರೆದಿದ್ದರು. ಹೆಸರೇನೂ ತಪ್ಪಲ್ಲ. ಭಾರತವೆಂಬ ಈ ಭೂಖಂಡ ಒಂದು ದೊಡ್ಡ ಚಪ್ಪಡಿ. ವರ್ಷಕ್ಕೆ ನಾಲ್ಕೈದು ಸೆಂಟಿಮೀಟರಿನಷ್ಟು ಉತ್ತರಕ್ಕೆ ಸರಿಯುತ್ತ ಅದು ಹಿಮಾಲಯದ ಬುಡವನ್ನು ಒತ್ತುತ್ತಿದೆ. ಒತ್ತಿದ ಪೆಟ್ಟು ಹಿಮಾಲಯಕ್ಕಷ್ಟೇ ತಾಗುವುದಿಲ್ಲ. ದೂರದ ದಕ್ಖನ್ನಿನ ಕರಿಬಂಡೆಯ ಕೆಳಗೆ, ಎಲ್ಲರೂ ಮರೆತ ಹಳೆಯ ಬಿರುಕುಗಳಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಸೇರಿಕೊಳ್ಳುತ್ತದೆ. ನೂರಾರು ವರ್ಷ ಬಿಗಿದುಕೊಂಡಿದ್ದ ಬಂಡೆ ಒಂದು ದಿನ ತಡೆಯಲಾರದೆ ಜಾರುತ್ತದೆ. ಆ ಜಾರುವಿಕೆಯನ್ನೇ ನಾವು ಭೂಕಂಪ ಎನ್ನುತ್ತೇವೆ.

ಕೂಡಿದ ಶಕ್ತಿ ಹೊರಗೆ ಬಂದೇ ತೀರಬೇಕು. ಅದನ್ನು ತಡೆಯುವ ವಿದ್ಯೆ ಇನ್ನೂ ಯಾರಿಗೂ ಸಿಕ್ಕಿಲ್ಲ. ಆದರೆ ಯಾವಾಗ ಬರಬೇಕೆಂಬುದನ್ನು ತನ್ಮಯಿ ಮತ್ತು ಅವಳ ಸಂಗಡಿಗರು ಮನುಷ್ಯರ ಕೈಗೆ ತಂದಿದ್ದರು. ಬಿಗಿದು ಕೂತ ಬಂಡೆಗಳ ನಡುವೆ ಒತ್ತಡದ ನೀರು ಹೊಕ್ಕರೆ ಹಿಡಿತ ಸಡಿಲುತ್ತದೆ. ಆಮೇಲೆ ಕೊಳವೆಯ ತುದಿಯ ಕಂಪಕಗಳು ಸಣ್ಣಗೆ ಒಂದೇ ಲಯದಲ್ಲಿ ಬಡಿಯುತ್ತ ಬಂಡೆಯನ್ನು ಒಪ್ಪಿಸುತ್ತವೆ. ಎಲ್ಲರೂ ಮನೆಯಿಂದ ಹೊರಗಿರುವಾಗ, ಹಾಡಹಗಲಲ್ಲಿ, ಹೇಳಿದ ಹೊತ್ತಿಗೆ ಭೂಕಂಪ ಬಂದರೆ ಬೀಳುವುದು ಗೋಡೆ ಮಾತ್ರ. ಲೆಕ್ಕ ಅಷ್ಟು ಸರಳವಾಗಿತ್ತು. ಪ್ರಯೋಗಾಲಯದ ಬಂಡೆಗಳ ಮೇಲೆ ಸೂಲಗಿತ್ತಿ ಒಮ್ಮೆಯೂ ತಪ್ಪಿರಲಿಲ್ಲ. ನಿಜವಾದ ಊರಿನ ಕೆಳಗೆ ಅದನ್ನು ನಡೆಸುತ್ತಿದ್ದುದು ಇದೇ ಮೊದಲು.

ತೊಗರಿಹಾಳವನ್ನು ಆರಿಸಿದ್ದಕ್ಕೆ ಎರಡು ಕಾರಣಗಳಿದ್ದವು. ಅಲ್ಲಿಯ ಬಿರುಕು ದಿನ ತುಂಬಿ ಕೂತಿತ್ತು. ಎರಡನೆಯದು, ಮಾಳಿಗೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಮೊಣಕಾಲುದ್ದ ಮಣ್ಣು. ಇಂಥ ಮನೆಗಳು ಒಂದು ಕಾಲಕ್ಕೆ ಕಡಿಮೆಯಾಗುತ್ತ ಬಂದಿದ್ದವು. ಆಮೇಲೆ ಬೇಸಿಗೆಗಳು ಮನುಷ್ಯನನ್ನು ಬೇಯಿಸತೊಡಗಿದಾಗ ಸಿಮೆಂಟಿನ ಮನೆಗಳು ಒಲೆಯಾದವು. ಜನ ಮತ್ತೆ ಮಾಳಿಗೆಗೆ ಮರಳಿದರು. ಸರ್ಕಾರವೂ ಪರಿಸರಸ್ನೇಹಿ ಎಂದು ಹಾಡಿ ಹೊಗಳಿತು. ಹೊಗಳುವವರಿಗೇನು, ಅವರು ಅದರ ಕೆಳಗೆ ಮಲಗಬೇಕಾಗಿರಲಿಲ್ಲ.

ಮಾಳಿಗೆಗೆ ಒಂದು ಪದ್ಧತಿಯುಂಟು. ಪ್ರತಿವರ್ಷ ರೋಹಿಣಿ ಮಳೆಗೆ ಮುಂಚೆ, ಸೋರದಿರಲೆಂದು, ಅದರ ಮೇಲೆ ಹೊಸದಾಗಿ ಸವಳು ಮಣ್ಣು ಹಾಕಿ ತುಳಿಯುತ್ತಾರೆ. ಹಳೆಯದನ್ನು ತೆಗೆಯುವ ಪದ್ಧತಿ ಮಾತ್ರ ಇಲ್ಲ. ಒಬ್ಬರ ಮನೆಗೆ ಇಡೀ ಓಣಿಯೇ ಮುಯ್ಯಾಳಾಗಿ ಬಂದು ಬುಟ್ಟಿ ಹೊರುತ್ತದೆ, ನಾಳೆ ಅವರು ಇವರ ಮನೆಗೆ ಹೋಗುತ್ತಾರೆ. ತನ್ಮಯಿ ಮೊದಲ ಸಲ ಆ ಊರಿಗೆ ಕಾಲಿಟ್ಟದ್ದು ಇಂಥದೇ ದಿನ. ಮೈಸೂರಿನ ಕಡೆಯ ಹೆಣ್ಣುಮಗಳು, ಇವರ ಮಾತು ಅವಳಿಗೆ ಅರ್ಧ ತಿಳಿಯುತ್ತಿತ್ತು, ಇವರಿಗೆ ಅವಳ ಮೇಲೆ ಅಷ್ಟೂ ನಂಬಿಕೆಯಿರಲಿಲ್ಲ. ಪಂಚಾಯಿತಿ ಅಧ್ಯಕ್ಷ ರೇವಪ್ಪ ತನ್ನ ಮಾಳಿಗೆಯ ಮೇಲೆ ನಿಂತು ನಗುತ್ತ ಒಂದು ಬುಟ್ಟಿ ತೋರಿಸಿದ. ಅವಳು ಚಪ್ಪಲಿ ಬಿಟ್ಟು, ಬುಟ್ಟಿ ತಲೆಗೇರಿಸಿ, ಏಣಿ ಹತ್ತಿ ಮಣ್ಣು ಸುರಿದಳು. ಊರು ಚಪ್ಪಾಳೆ ತಟ್ಟಿತು. ಅವತ್ತಿನಿಂದ ಅವಳು ಊರವಳಾದಳು. ಆ ಮಣ್ಣಿನ ಭಾರ ಎಷ್ಟು ಟನ್ನು, ನೆಲ ಅಲುಗಿದರೆ ಅದು ಯಾರ ಮೇಲೆ ಬೀಳುತ್ತದೆ ಎಂಬುದು ಅಲ್ಲಿ ತನಗೊಬ್ಬಳಿಗೇ ಗೊತ್ತೆಂದು ಅವಳು ತಿಳಿದಿದ್ದಳು. ಆದರೆ ಮೊದಲ ದಿನವೇ ಬೇಡವೆಂದರೆ ಯಾರೂ ಬಾಗಿಲು ತೆರೆಯುವುದಿಲ್ಲವೆಂದು ಸುಮ್ಮನಿದ್ದಳು. ಆಮೇಲೆ ಮಣ್ಣು ಇಳಿಸಿರೆಂದು ಎಷ್ಟೋ ಸಲ ಹೇಳಿದಳು. ಹೇಗೂ ಬೀಳುವ ಮನೆಗೆ ಯಾಕೆ ಅಷ್ಟು ಕೆಲಸ ಎಂದು ಅವರು ನಕ್ಕರು.

ಊರಲ್ಲಿ ಒಂದೇ ಮನೆಗೆ ಮಣ್ಣಿನ ಮಾಳಿಗೆ ಇರಲಿಲ್ಲ. ಅದು ಸೋಜರಬಾಯಿಯದು. ಬೇಸಿಗೆಯಲ್ಲಿ ಒಳಗೆ ರೊಟ್ಟಿ ಬೇಯುತ್ತದೆಂದು ಜನ ಗೇಲಿ ಮಾಡುತ್ತಿದ್ದರೂ ಅವಳು ತಗಡಿನ ಪತ್ರಾದ ಕೆಳಗೇ ಬಾಳುವೆ ಮಾಡಿದವಳು. ಕಿಲ್ಲಾರಿಯ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಹಿಂದಿನ ಶತಮಾನದ ಆ ಭೂಕಂಪದಲ್ಲಿ ತಾಯಿಯನ್ನು ಕಳೆದುಕೊಂಡಾಗ ಅವಳಿಗೆ ಏಳು ವರ್ಷ. ಅಂಥವಳು ಸೂಲಗಿತ್ತಿಗೆ ಮೊದಲು ಕೈ ಎತ್ತಿಯಾಳೆಂದು ತನ್ಮಯಿ ಎಣಿಸಿದ್ದಳು. ಗ್ರಾಮಸಭೆಯಲ್ಲಿ ಮುದುಕಿ ಎದ್ದು ನಿಂತು ಬೇರೆಯೇ ಮಾತಾಡಿದಳು.

"ನಮ್ಮೂರಾಗ ಅದು ಹೇಳದ ಬಂತು. ದೇವರಿಗ ಬೈದು ಸುಮ್ಮನಾದ್ವಿ. ಇದನ್ನ ನೀವು ಕರಸ್ಲತ್ತೀರಿ. ಇದರಾಗ ಯಾರರ ಸತ್ರ ಯಾರಿಗ ಬೈಬೇಕು?"

"ಯಾರೂ ಸಾಯುವುದಿಲ್ಲ, ಆಯಿ," ಎಂದಳು ತನ್ಮಯಿ. "ಸತ್ತರೆ ನನ್ನನ್ನೇ ಬೈಯಿರಿ."

ರೇವಪ್ಪ ಅವಳ ಪರ ನಿಂತ. ಮನೆಮನೆಗೆ ತಿರುಗಿ, ಗೋಗರೆದು, ಒಮ್ಮೊಮ್ಮೆ ಗದರಿಸಿ ಊರನ್ನು ಒಪ್ಪಿಸಿದ. ಮನೆ ಬಿದ್ದವರಿಗೆ ಹೊಸ ಮನೆ ಎಂದು ಸರ್ಕಾರ ಬರೆದುಕೊಟ್ಟಿತು. ಮುಂಗಾರಿಗೆ ಮುಂಚಿನ ಒಂದು ಒಣ ದಿನ ನಿಗದಿಯಾಯಿತು. ಒಳ್ಳೆಯ ದಿನವೋ ಅಲ್ಲವೋ ಎಂದು ಐನಾರು ಪಂಚಾಂಗ ನೋಡಿದ್ದೂ ಆಯಿತು. ಭೂಕಂಪಕ್ಕೆ ಮುಹೂರ್ತವಿಟ್ಟ ಮೊದಲ ಊರು ಅದೇ ಇರಬೇಕು.

ಈಗ ಆ ಮುಹೂರ್ತ ಮೀರುತ್ತಿತ್ತು.

ಗುಂಡಿ ಒತ್ತಿ ಒಂದು ಗಂಟೆಯಾಯಿತು, ಎರಡಾಯಿತು. ಕಂಪಕಗಳು ಬಡಿಯುತ್ತಲೇ ಇದ್ದವು. ಬಂಡೆಗಳ ಅಲುಗಾಟ ಅಳೆಯಲು ಅವುಗಳ ನಡುವೆ ಇಳಿಸಿದ್ದ ಗಾಜಿನೆಳೆಗಳು ಕಳಿಸುತ್ತಿದ್ದ ಸುದ್ದಿಯನ್ನು ತನ್ಮಯಿ ಎರಡೆರಡು ಸಲ ಓದಿದಳು. ಬಿರುಕಿನ ಎರಡು ತುದಿಗಳೂ ಬಿಡಿಸಿಕೊಂಡಿದ್ದವು. ನಡುವೆ ಒಂದು ಗಂಟು ಮಾತ್ರ ಕಚ್ಚಿಕೊಂಡಿತ್ತು. ಅದು ಈ ಕ್ಷಣ ಬಿಡಬಹುದು, ನಾಳೆ ಬಿಡಬಹುದು. ನೀರನ್ನು ಹಿಂದಕ್ಕೆಳೆದು ಎಲ್ಲವನ್ನೂ ನಿಲ್ಲಿಸೋಣವೆಂದರೆ ಅದಕ್ಕೇ ದಿನಗಳು ಬೇಕು. ಕರೆದ ಮೇಲೆ ಬರಬೇಡವೆನ್ನಲು ದಾರಿಯಿರಲಿಲ್ಲ. ಅವಳು ಇದನ್ನು ಧ್ವನಿವರ್ಧಕದಲ್ಲಿ ಊರಿಗೆ ತಿಳಿಸಿದಳು.

ಬೆಳಿಗ್ಗೆ ಬಯಲಿಗೆ ಬಂದಾಗ ಜನ ಹೆದರಿ ಹಿಡಿಯಾಗಿದ್ದರು. ತಾಯಂದಿರು ಮಕ್ಕಳ ಕೈ ಬಿಟ್ಟಿರಲಿಲ್ಲ. ನೆಲಕ್ಕೆ ಕಿವಿಯಿಟ್ಟು ಕೇಳಿದವರಿದ್ದರು. ಲಾರಿಯೊಂದು ದೂರದಲ್ಲಿ ಹೋದರೂ ಕುಳಿತವರು ಎದ್ದು ನಿಲ್ಲುತ್ತಿದ್ದರು. ಬಿಸಿಲೇರಿದಂತೆ ಆ ಬಿಗಿ ಸಡಿಲಿತು. ಒಲೆ ಹೂಡಿ ಝುಣಕ ಮಾಡಿ ಉಂಡರು. ಹೆರಿಗೆ ನೋವು ಬಂದು ನಿಂತು ಹೋಗ್ಯದ, ದವಾಖಾನಿಗಿ ಒಯ್ಯರಿ ಎಂದು ಯಾರೋ ವ್ಯಾನಿನ ಕಡೆ ನೋಡಿ ಚಾಷ್ಟಿ ಮಾಡಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನಗುವೂ ಬತ್ತಿ ಗೊಣಗಾಟ ಉಳಿಯಿತು. ಹೆದರಿಕೆಗೂ ದಣಿವಾಗುತ್ತದೆ ಎಂಬುದು ತನ್ಮಯಿಯ ಯಾವ ಲೆಕ್ಕದಲ್ಲೂ ಇರಲಿಲ್ಲ. ಅವಳ ಹೆದರಿಕೆ ಮಾತ್ರ ದಣಿದಿರಲಿಲ್ಲ, ಯಾಕೆಂದರೆ ಆ ಪರದೆ ಕಾಣುತ್ತಿದ್ದುದು ಅವಳಿಗೊಬ್ಬಳಿಗೇ.

ಅಷ್ಟರಲ್ಲಿ ಪಡುವಣದಲ್ಲಿ ಮೋಡ ಎದ್ದಿತು. ಹವಾಮಾನದವರು ಖಡಾಖಂಡಿತವಾಗಿ ಇಲ್ಲವೆಂದಿದ್ದ ಮಳೆ. ಬಯಲಿನಲ್ಲಿ ತಾಡಪತ್ರಿಗಳಿದ್ದವು, ನೆನೆದರೂ ಯಾರೂ ಕರಗುವುದಿಲ್ಲ ಎಂದುಕೊಂಡಳು ತನ್ಮಯಿ. ದಪ್ಪ ಹನಿಗಳು ವ್ಯಾನಿನ ಮೇಲೆ ಟಪಟಪನೆ ಬಿದ್ದವು. ಮರುಕ್ಷಣ ಅವಳು ಕಂಡದ್ದನ್ನು ಅವಳ ಕಣ್ಣೇ ನಂಬಲಿಲ್ಲ. ಬಯಲಿನ ನಾಲ್ಕೂ ಕಡೆಯಿಂದ ಜನ ಎದ್ದು ಊರಿನತ್ತ ಓಡುತ್ತಿದ್ದರು.

ಮಾಳಿಗೆ ಮನೆಗೆ ಕಿಟಕಿ ಕಡಿಮೆ. ಬೆಳಕು ಬರಲೆಂದು ಮಾಳಿಗೆಯ ನಡುವೆಯೇ ಒಂದು ಬೆಳಕಿಂಡಿ ಬಿಟ್ಟಿರುತ್ತಾರೆ. ಮಳೆ ಬಂದರೆ ಅದರಿಂದ ನೇರ ಪಡಸಾಲೆಗೆ ನೀರು. ಆದ್ದರಿಂದ ಮೊದಲ ಹನಿ ಬಿದ್ದೊಡನೆ ಮನೆಯ ಯಾರಾದರೊಬ್ಬರು ಮೇಲೆ ಓಡಿ ಬೆಳಕಿಂಡಿಯ ಮೇಲೆ ಪರ್ಸಿ ಎಂಬ ಚಪ್ಪಟೆ ಕಲ್ಲು ಎಳೆಯಬೇಕು. ಆ ಊರಲ್ಲಿ ನಡೆಯಲು ಕಲಿತ ಮಕ್ಕಳು ಮುಂದೆ ಕಲಿಯುವ ಕೆಲಸವೇ ಅದು. ಅದಕ್ಕೆ ಯೋಚನೆ ಬೇಕಿಲ್ಲ, ಹನಿ ಬಿದ್ದರೆ ಕಾಲು ತಾನೇ ಓಡುತ್ತದೆ. ಬಾಣಂತಿಯರ ಬಗ್ಗೆ, ಕಟ್ಟಿದ ದನಗಳ ಬಗ್ಗೆ, ಗುಡಿಯ ದೇವರ ಬಗ್ಗೆ ಕೂಡ ಯೋಚಿಸಿ ವ್ಯವಸ್ಥೆ ಮಾಡಿದ್ದ ತನ್ಮಯಿ ಬೆಳಕಿಂಡಿಯನ್ನು ಯೋಚಿಸಿರಲಿಲ್ಲ. ಅವಳು ಬೆಳೆದ ಮನೆಯಲ್ಲಿ ಬೆಳಕು ಕಿಟಕಿಯಿಂದ ಬರುತ್ತಿತ್ತು.

ಅವಳು ಕೂಗಿದಳು. ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಡ್ರೋನಿನ ಚಿತ್ರದಲ್ಲಿ ಮಾಳಿಗೆ ಮಾಳಿಗೆಯ ಮೇಲೂ ಮನುಷ್ಯರು. ಕೆಲವರು ಒಳಹೊಕ್ಕು ಕಾಣೆಯಾದರು, ಹೇಗೂ ಬಂದಿದ್ದೇವೆ, ಒಂದು ಚಾದರವನ್ನಾದರೂ ಒಯ್ಯೋಣವೆಂದು. ರೇವಪ್ಪ ಅವರನ್ನು ವಾಪಸು ಕರೆಯಲೆಂದು ಹೋದವನು, ತಾನೂ ತನ್ನ ಮಾಳಿಗೆ ಏರಿದ್ದ. ಪರದೆಯಲ್ಲಿ ನಡುವಿನ ಗಂಟು ಮಿಡಿಯುತ್ತಿತ್ತು.

ಸೈರನ್ನಿಗೆ ಒಂದು ನಿಯಮವಿತ್ತು, ಅದನ್ನು ಮಾಡಿದವಳೂ ಅವಳೇ. ಬಂಡೆ ಜಾರಿದ ಕೂಡಲೇ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ವೇಗದ್ದು, ಸಣ್ಣಗೆ ನಡುಗಿಸಿ ಹೋಗುತ್ತದೆ. ಹಿಂದೆ ಬರುವ ಎರಡನೆಯದು ಮನೆ ಬೀಳಿಸುತ್ತದೆ. ಯಂತ್ರ ಮೊದಲ ಅಲೆಯನ್ನು ಹಿಡಿದು ಸೈರನ್ ಕೂಗಿಸುತ್ತದೆ. ಸಿಗುವುದು ನಾಲ್ಕೈದು ಕ್ಷಣ ಮಾತ್ರ. ಅಷ್ಟು ಕಡಿಮೆ ಹೊತ್ತಿನಲ್ಲಿ ಜನ ಅನುಮಾನಿಸುತ್ತ ನಿಲ್ಲಬಾರದು. ಆದ್ದರಿಂದ ಸೈರನ್ನನ್ನು ಯಾರೂ ಕೈಯಿಂದ ಕೂಗಿಸಕೂಡದು. ಒಮ್ಮೆ ಸುಳ್ಳಾದರೆ ಮುಗಿಯಿತು.

ತನ್ಮಯಿ ಕೈಯಿಂದ ಕೂಗಿಸಿದಳು.

ಆ ಕೂಗಿಗೆ ಊರು ಹೊರಗೆ ಉಕ್ಕಿತು. ಜನ ಮಾಳಿಗೆಯಿಂದ ಜಿಗಿದರು, ಓಣಿಗಳಲ್ಲಿ ಎಡವಿ ಬಿದ್ದು ಎದ್ದು ಬಯಲಿಗೆ ಬಂದು ನೆಲಕ್ಕೆ ಕುಕ್ಕರಿಸಿದರು. ಹುಡುಗಿಯೊಬ್ಬಳ ಕಾಲು ಮುರಿಯಿತು. ರೇವಪ್ಪ ಎಲ್ಲರನ್ನೂ ಮುಂದೆ ಅಟ್ಟಿಕೊಂಡು ಕೊನೆಗೆ ಬಂದ. ಎಲ್ಲರೂ ಕಣ್ಣು ಮುಚ್ಚಿ ಕಾದರು. ಮಳೆ ಸುರಿಯಿತು. ನೆಲ ಅಲುಗಲಿಲ್ಲ.

ಜನ ಒಬ್ಬೊಬ್ಬರಾಗಿ ಎದ್ದು ವ್ಯಾನಿನ ಸುತ್ತ ಸೇರಿದರು. ರೇವಪ್ಪ ತೊಯ್ದ ರುಮಾಲನ್ನು ಹಿಂಡುತ್ತ ಕೇಳಿದ: "ಸೈರನ್ ಮಶೀನ್ ಕೂಗ್ತೇನ್ರಿ ಮೇಡಂ, ಇಲ್ಲಾ ನೀವು ಕೂಗಿಸಿದ್ರಿ?"

ಯಂತ್ರವೇ ಎನ್ನಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅವಳಿಗೆ ಸುಳ್ಳು ಹೇಳುವ ಶಕ್ತಿಯೇ ಉಳಿದಿರಲಿಲ್ಲ.

"ನಾನು," ಎಂದಳು. "ನೀವೆಲ್ಲ ಒಳಗಿದ್ದಿರಿ. ಬೇರೆ ದಾರಿ ತೋಚಲಿಲ್ಲ."

ಮುಗಿಯಿತು, ಇನ್ನು ಒಬ್ಬರೂ ನಿಲ್ಲುವುದಿಲ್ಲ ಎಂದುಕೊಂಡಳು. ಕೆಲವರು ಆಗಲೇ ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ಆಗ ಸೋಜರಬಾಯಿ ಕೋಲೂರಿಕೊಂಡು ಗುಂಪಿನ ನಡುವೆ ಬಂದು, ಕೆಸರಿನಲ್ಲೇ ಕುಳಿತುಬಿಟ್ಟಳು.

"ನಮ್ಮೂರಾಗೂ ಮೊದಲ ಎಲ್ಲಾರೂ ಹೊರಗ ಮಲಗಿದ್ರು," ಎಂದಳು. "ನೆಲ ಒಳಗೊಳಗ ಗುಡುಗ್ತಿತ್ತು. ಅಂಜಿ ಅಂಜಿ ಸಾಕಾಗಿ ಒಬ್ಬೊಬ್ಬರು ಮನಿ ಒಳಗ ಹೋದ್ರು. ನಮ್ಮವ್ವ ಎಲ್ಲಾರಕಿಂತ ಕಡೀಗಿ ಹೋದಾಕಿ. ಅವತ್ತ ಯಾರರ ಒಬ್ಬರು ಸುಳ್ಳ ಹೇಳಿ ನಮ್ಮನ್ನ ಹೊರಗ ಕರದಿದ್ರ, ಅವರ ಕಾಲಿಗಿ ಬೀಳ್ತಿದ್ದೆ ನಾ."

ಗಂಟು ಎತ್ತಿದವರು ಹಾಗೇ ನಿಂತರು. ಒಬ್ಬ ಹೆಂಗಸು ತನ್ನ ಗಂಟನ್ನು ಕೆಳಗಿಟ್ಟು ಮುದುಕಿಯ ಪಕ್ಕ ಕುಳಿತಳು. ಆಮೇಲೆ ಇನ್ನೊಬ್ಬಳು. ಗೊಣಗುತ್ತ, ಸೀನುತ್ತ, ಶಾಪ ಹಾಕುತ್ತ ಊರು ಮತ್ತೆ ತಾಡಪತ್ರಿಗಳ ಕೆಳಗೆ ತೂರಿಕೊಂಡಿತು. ತನ್ಮಯಿಗೆ ಅಳು ಬಂತು, ಮಳೆಯಲ್ಲಿ ಯಾರಿಗೂ ಕಾಣದಿದ್ದುದು ಒಳ್ಳೆಯದಾಯಿತು.

ರೇವಪ್ಪ ಮಾತ್ರ ಕುಳಿತುಕೊಳ್ಳಲಿಲ್ಲ. ಅವನ ಹೆಂಡತಿ ಸುಗಲಾಬಾಯಿ ಅವನ ಅಂಗಿಯ ತುದಿ ಹಿಡಿದು ಏನೋ ಹೇಳುತ್ತಿದ್ದಳು. ಅವನು ತಲೆಯಾಡಿಸಿ ತನ್ಮಯಿಯ ಬಳಿ ಬಂದ. ಊರಿನವರೆಲ್ಲ ತಂತಮ್ಮ ಬೆಳಕಿಂಡಿ ಮುಚ್ಚಿ ಬಂದಿದ್ದರು. ಸೈರನ್ ಕೂಗಿದಾಗ ಇತರರನ್ನು ಇಳಿಸುವ ಗಡಿಬಿಡಿಯಲ್ಲಿ ಅವನದೊಂದೇ ತೆರೆದು ಉಳಿದಿತ್ತು. ಅದರ ನೇರ ಕೆಳಗೆ, ಪಡಸಾಲೆಯಲ್ಲಿ, ಇಡೀ ಊರಿನ ಬಿತ್ತನೆಯ ತೊಗರಿ ಇತ್ತು. ಬಯಲಿನಲ್ಲಿ ಕೆಟ್ಟೀತೆಂದು ಅಲ್ಲೇ ಬಿಟ್ಟು, ಮೇಲೆ ತಾಡಪತ್ರಿ ಕೂಡ ಮುಚ್ಚದೆ ಬಂದಿದ್ದರು. ಗೋಡೆ ಬಿದ್ದರೆ ಮಣ್ಣು ಸರಿಸಿ ತೆಗೆಯಬಹುದು, ನೀರು ಕುಡಿದ ಬೀಜವನ್ನು ಏನು ಮಾಡುವುದು?

"ಪರ್ಸಿ ಎಳದು ಬರ್ತೀನ್ರಿ. ಹೋದಂಗ ಬಂದೆ."

ಬೀಜ ನಾನು ತರಿಸಿಕೊಡುತ್ತೇನೆ, ಹೋಗಬೇಡಿ ಎಂದು ತನ್ಮಯಿ ಅವನ ತೋಳು ಹಿಡಿದಳು. ರೇವಪ್ಪ ಮೆಲ್ಲಗೆ ಬಿಡಿಸಿಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಮಳೆನೀರು ಇಳಿಯುತ್ತಿದ್ದ ಮೀಸೆಯ ಕೆಳಗೆ ನಗುವೇ ಇತ್ತು. "ಮತ್ತ ಸೈರನ್ ಕೂಗಿಸಬ್ಯಾಡ್ರಿ ನನ ಸಲುವಾಗಿ. ಪಾಪ, ಮಂದಿ ಅಂಜ್ತದ." ಎಂದು ಹೇಳಿ ಓಣಿಯೊಳಗೆ ಹೋದ.

ಅವನ ಮನೆ ಊರಿನ ಅಂಚಿನಲ್ಲೇ ಇತ್ತು. ಬಯಲಿನಿಂದ ಎಲ್ಲರಿಗೂ ಕಾಣುತ್ತಿತ್ತು. ಅವನು ಏಣಿ ಹತ್ತಿದ್ದು ಕಂಡಿತು, ಬಗ್ಗಿ ಕಲ್ಲನ್ನು ಎಳೆದದ್ದು ಕಂಡಿತು. ನಡು ನೆಟ್ಟಗೆ ಮಾಡಿ ನಿಂತ.

ಆಗ ಸೈರನ್ ಕೂಗಿತು. ತನ್ಮಯಿಯ ಎರಡೂ ಕೈಗಳು ಬಾಗಿಲ ಹಿಡಿಕೆಯ ಮೇಲಿದ್ದವು.

ರೇವಪ್ಪ ಬಯಲಿನ ಕಡೆ ತಿರುಗಿದ. ಒಂದು ಕೈ ಎತ್ತಿ, ತಾಳಿರಿ, ಬಂದೆ ಎನ್ನುವಂತೆ ಬೀಸಿದ. ಅವಳೇ ಮತ್ತೆ ಕೂಗಿಸಿದ್ದಾಳೆ ಎಂದುಕೊಂಡಿದ್ದ. ಸುಗಲಾಬಾಯಿ ಅವನ ಹೆಸರು ಹಿಡಿದು ಕೂಗಿದಳು, ಮದುವೆಯಾದಂದಿನಿಂದ ಬಾಯಲ್ಲಿ ತಂದಿರದ ಹೆಸರು. ಅವನು ಕೈ ಇಳಿಸಿ, ಅವಸರವಿಲ್ಲದೆ ಏಣಿಯ ಕಡೆ ಹೆಜ್ಜೆಯಿಟ್ಟ.

ಮೊದಲು ಸದ್ದು ಬಂತು. ಅದು ಕಿವಿಗಿಂತ ಮೊದಲು ಹೊಟ್ಟೆಗೆ ಕೇಳುವ ಸದ್ದು. ಆಮೇಲೆ ನೆಲವು ಒಂದು ಬದಿಗೆ ಸರಿದು ಅಷ್ಟೇ ರಭಸದಿಂದ ಹಿಂದಕ್ಕೆ ಬಂತು. ನಿಂತವರೆಲ್ಲ ಬಿದ್ದರು. ಎಮ್ಮೆಗಳು ಹಗ್ಗ ಹರಿದುಕೊಂಡು ನುಗ್ಗಿದವು. ಹಿಡಿದುಕೊಳ್ಳಲು ಏನಾದರೂ ಸಿಕ್ಕೀತೆಂದು ತನ್ಮಯಿ ಕೆಸರನ್ನೇ ಎರಡೂ ಮುಷ್ಟಿಯಲ್ಲಿ ಹಿಡಿದಳು. ಈ ನಡುಕವನ್ನು ಅವಳು ಸಾವಿರ ಸಲ ಪರದೆಯ ಮೇಲೆ ನೋಡಿದ್ದಳು. ಕಾಲಡಿಯ ನೆಲದ ಮೇಲೆ ನಂಬಿಕೆ ಹೋದರೆ ಮನುಷ್ಯನಿಗೆ ಏನೂ ಉಳಿಯುವುದಿಲ್ಲ ಎಂಬುದನ್ನು ಯಾವ ಪರದೆಯೂ ತೋರಿಸಿರಲಿಲ್ಲ. ತಲೆ ಎತ್ತಿದಾಗ ಮಾಳಿಗೆಗಳು ಒಂದೊಂದಾಗಿ ಒಳಕ್ಕೆ ಕುಸಿಯುತ್ತಿದ್ದವು. ಗೋಡೆ ಹೊರಗೆ ಬಿದ್ದು, ಮಣ್ಣು ಒಳಗೆ ಇಳಿಯುತ್ತಿತ್ತು. ಅಷ್ಟು ಮಳೆಯಲ್ಲೂ ಧೂಳು ಎದ್ದಿತು. ಮೇಲ್ಪದರ ಮಾತ್ರ ನೆನೆದಿತ್ತು, ಕೆಳಗಿನದು ಅಜ್ಜಂದಿರು ಹಾಕಿದ ಒಣಮಣ್ಣು. ಧೂಳು ಅಡಗಿದಾಗ ಊರಿನಲ್ಲಿ ನೆಟ್ಟಗೆ ನಿಂತದ್ದು ಸೋಜರಬಾಯಿಯ ಪತ್ರಾದ ಮನೆಯೊಂದೇ.

ರೇವಪ್ಪನನ್ನು ಹೊರತೆಗೆಯಲು ಕತ್ತಲಾಯಿತು. ಅವನ ಮೇಲಿದ್ದುದು ಕಲ್ಲಲ್ಲ, ತೊಲೆಯೂ ಅಲ್ಲ. ಕುಸಿದ ಮಾಳಿಗೆಯ ಜೊತೆ ಒಳಗೆ ಬಿದ್ದು, ಮಣ್ಣಿನಲ್ಲಿ ಮುಚ್ಚಿಹೋಗಿದ್ದ. ಮೇಲಿನ ಒಂದೆರಡನ್ನು ಬಿಟ್ಟರೆ ಬೀಜದ ಚೀಲಗಳು ಒಣಗಿಯೇ ಇದ್ದವು.

ಆರುನೂರು ಚಿಲ್ಲರೆ ಜನರ ಊರಿನಲ್ಲಿ ಒಂದು ಸಾವು. ಇದೇ ಭೂಕಂಪ ತಾನಾಗಿ ಬಂದಿದ್ದರೆ ಅರ್ಧ ಊರು ಉಳಿಯುತ್ತಿರಲಿಲ್ಲವೆಂದು ತಜ್ಞರು ಲೆಕ್ಕ ಹಾಕಿದರು. ಲೆಕ್ಕ ಸರಿಯಾಗಿತ್ತು. ಮಂತ್ರಿಗಳು ಬಂದು ಹೆಗಲು ತಟ್ಟಿದರು. ತನ್ಮಯಿ ಅದೆಲ್ಲ ಮುಗಿದ ಮೇಲೆ ಪತ್ರಾದ ಮನೆಗೆ ಹೋಗಿ ಸೋಜರಬಾಯಿಯ ಎದುರು ಕುಳಿತಳು. ಸುಗಲಾಬಾಯಿಯೂ ಅಲ್ಲೇ, ಗೋಡೆಗೆ ಆತು ಕುಳಿತಿದ್ದಳು.

"ನನ್ನನ್ನು ಬೈಯಿರಿ ಎಂದಿದ್ದೆ, ಆಯಿ," ಎಂದಳು ತನ್ಮಯಿ. "ಬೈಯಿರಿ."

ಮುದುಕಿ ಯಾರನ್ನೂ ನೋಡದೆ ಹೇಳಿದಳು: "ಆ ಮಾಳಗಿ ಮ್ಯಾಲ ವರ್ಷಾ ಮಣ್ಣ ಹಾಕ್ಯಾರ. ಓಣಿ ಮಂದಿ ಎಲ್ಲಾರೂ ಮುಯ್ಯಿಗಿ ಹೋದವರೇ. ನನಗ ಗೊತ್ತಿತ್ತು ತಂಗಿ ಅದು ಏನ್ ಮಾಡ್ತದಂತ. ಆದ್ರೂ ಕರದ್ರ ಹ್ಯಾಂಗ ಬ್ಯಾಡ ಅನ್ನೂದು? ನಂದೂ ಬುಟ್ಟಿ ಅದ ಅದರಾಗ."

ತನ್ಮಯಿ ತನ್ನ ಅಂಗೈ ನೋಡಿಕೊಂಡಳು. ಏಣಿ, ಚಪ್ಪಾಳೆ, ತಲೆಯ ಮೇಲಿನ ಹಸಿಮಣ್ಣಿನ ತಂಪು, ಎಲ್ಲ ನೆನಪಾಯಿತು. ಅವಳಿಗೆ ಬೈಗುಳವೇ ಎಷ್ಟೋ ಹಗುರವಾಗಿರುತ್ತಿತ್ತು ಎನ್ನಿಸಿತು.

ಮುಂದೆ ಸೂಲಗಿತ್ತಿ ಇನ್ನೆರಡು ಕಡೆ ಕೆಲಸ ಮಾಡಿತು. ಸೈರನ್ನಿನ ನಿಯಮ ತಿದ್ದಿದರು, ಮಳೆಯ ದಿನಗಳ ನಿಯಮ ಸೇರಿಸಿದರು. ತನ್ಮಯಿ ಊರೂರಿಗೆ ಹೋಗಿ ಭಾಷಣ ಮಾಡತೊಡಗಿದಳು. ಭೂಕಂಪ ಕೊಲ್ಲುವುದಿಲ್ಲ, ನಾವು ತಲೆಯ ಮೇಲೆ ಹೊತ್ತುಕೊಂಡದ್ದು ಕೊಲ್ಲುತ್ತದೆ ಎಂದು ಹೇಳುತ್ತಿದ್ದಳು. ಬೆಂಗಳೂರಿನಲ್ಲಿ ಭಾಷಣ ಮುಗಿದ ಮೇಲೆ ಒಬ್ಬ ಸಜ್ಜನರು ಬಂದು ಮನಸಾರೆ ಹೊಗಳಿ, ಹೋಗುವಾಗ ದನಿ ತಗ್ಗಿಸಿ ಕೇಳಿದರು: "ನಮ್ಮ ಬಿಲ್ಡಿಂಗ್ ನಾಲ್ಕು ಫ್ಲೋರ್ ಇದೆ ಮೇಡಂ. ಇನ್ನೊಂದೇ ಒಂದು ಹಾಕಿದ್ರೆ ಏನೂ ಆಗಲ್ಲ ಅಲ್ವಾ?"

ಎರಡನೆಯ ಬೇಸಿಗೆಯಲ್ಲಿ, ನೆಲದೊಳಗಿನ ಗಾಜಿನೆಳೆಗಳ ಪರೀಕ್ಷೆಗೆಂದು ಅವಳು ಮತ್ತೆ ತೊಗರಿಹಾಳಕ್ಕೆ ಹೋದಳು. ಹೊಸ ಊರು ಸಾಲಾಗಿ ನಿಂತಿತ್ತು. ಉಕ್ಕಿನ ಚೌಕಟ್ಟು, ತೆಳುವಾದ ಗೋಡೆ, ಹಗುರವಾದ ಚಾವಣಿ. ಎಷ್ಟು ನಡುಗಿದರೂ ಬೀಳದ ಮನೆಗಳು, ಅವಳೇ ನಿಂತು ಕಟ್ಟಿಸಿದ್ದು. ಕಣ್ಣು ತೆರೆಯಲಾಗದಂಥ ಬಿಸಿಲು ಹೊಡೆಯುತ್ತಿತ್ತು. ಒಂದು ಮನೆಗೆ ಏಣಿ ಹಚ್ಚಿತ್ತು. ಅದರ ಮೊದಲ ಮೆಟ್ಟಿಲಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಸುಗಲಾಬಾಯಿ ನಿಂತಿದ್ದಳು. ಬುಟ್ಟಿಯಲ್ಲಿ ಸವಳು ಮಣ್ಣು.

ಸುಗಲಾಬಾಯಿ ತನ್ಮಯಿಯನ್ನು ಕಂಡು ಬಿಳಿಚಿಕೊಂಡಳು, ಆಮೇಲೆ ಮುಖ ಗಟ್ಟಿಮಾಡಿಕೊಂಡು ಹೇಳಿದಳು: "ಕುದಿ ತಡಿಯಲಾಗಲ್ರಿ ಮೇಡಂ. ಮೊಮ್ಮಗ ಹಗಲೆಲ್ಲ ಅಳ್ತದ, ಮಲಗಂಗಿಲ್ಲ. ಭಾಳ ಹಾಕಂಗಿಲ್ರಿ. ಒಂದೇ ಬುಟ್ಟಿ."

ಸಾಲಿನ ಉಳಿದ ಚಾವಣಿಗಳ ಕಡೆ ನೋಡಲು ತನ್ಮಯಿಗೆ ಧೈರ್ಯ ಸಾಲಲಿಲ್ಲ. ಆದರೂ ನೋಡಿದಳು. ಒಂದೆರಡನ್ನು ಬಿಟ್ಟು ಎಲ್ಲದರ ಮೇಲೂ ತೆಳ್ಳಗೆ, ಬೆರಳು ದಪ್ಪ, ಮಣ್ಣಿನ ಪದರವಿತ್ತು. ನೆಲ ಅಲುಗಿದ ದಿನ ಕೂಡ ಅವಳಿಗೆ ಇಷ್ಟು ಹೆದರಿಕೆಯಾಗಿರಲಿಲ್ಲ. ಅವಳು ಏಣಿಯ ಬಳಿ ಓಡಿ, ಎರಡೂ ಕೈಯೆತ್ತಿ ಬುಟ್ಟಿಯ ಅಂಚು ಹಿಡಿದಳು. ಈ ಸಲ ಮೇಲಕ್ಕೆ ಏರಿಸಲಿಕ್ಕಲ್ಲ.

ಸುಗಲಾಬಾಯಿಯೂ ಬಿಡಲಿಲ್ಲ. ಇಬ್ಬರೂ ಆ ಒಂದೇ ಬುಟ್ಟಿಯನ್ನು ಹಿಡಿದುಕೊಂಡು ಬಿಸಿಲಿನಲ್ಲಿ ನಿಂತರು. ಮನೆಯೊಳಗೆ ಮಗು ಸೆಕೆ ತಾಳದೆ ಅಳುತ್ತಿತ್ತು.